ಸುಂದರಿಯ ಹಟ್ಟಿಯಲ್ಲಿ ಲದಿನ್

ಕಾಪುವಿನ ಪೇಟೆಯಲ್ಲಿ ನಾನು ‘ರೈಟ್’ ಎಂದರೆ ಕಾರ್ಕಳದಲ್ಲಿ ನಿಂತ ಬಸ್ಸು ಹೊರಡುತ್ತಿತ್ತು. ಸುಳ್ಳು ಎನ್ನುವವರು ನನ್ನ ಡ್ರೈವರ್ ಅಣ್ಣುವನ್ನು ಕೇಳಬಹುದು. ಅವನು ಕೊನೆಕೊನೆಗೆ ಕಿವಿಗೆ ಹತ್ತಿ ತುರುಕಿಕೊಂಡೇ ಸ್ಟಿಯರಿಂಗ್ ಹಿಡಿಯುತ್ತಿದ್ದ. ಕಾಪುವಿನಿಂದ ಉಡುಪಿ, ಮಣಿಪಾಲದ ಮೇಲಾಗಿ ಕಾರ್ಕಳಕ್ಕೆ ಹೋಗುತ್ತಿದ್ದ ಆ ಬಸ್ಸಿಗೆ ಹಾರ್ನ್ ಇರಲಿಲ್ಲ. ಕಂಡಕ್ಟರ್ ಲಿಯೋನೆಲ್ ಇದ್ದಾನೆ, ಹಾರ್ನ್ ಯಾಕೆ ಎಂದು ಧಣಿಗಳೇ ಬಿಚ್ಚಿಸಿದ್ದರು.

ಆದರೆ ಈ ಗಂಟಲು ನನ್ನ ಸ್ವಂತ ಸಂಪಾದನೆಯಲ್ಲ. ಅದು ನನ್ನ ಅಮ್ಮನದು, ಊರಿಗೆಲ್ಲ ಅಪೊಲೋನಿಯಾ ಬಾಯಿ ಆದವಳದು. ನಮ್ಮ ಕೊಂಕಣಿ ಕ್ರಿಸ್ತುವರ ಮನೆಗಳಲ್ಲಿ ಮುಸ್ಸಂಜೆಯಾದರೆ ಜಪಸರ ಹಿಡಿದು ತೇರ್ಸ್ ಹೇಳುವುದುಂಟು, ಅದರ ಕೊನೆಗೆ ಲದಿನ್. ಲದಿನ್ ಎಂದರೆ ಮರಿಯಮ್ಮನವರ ಬಿರುದುಗಳನ್ನು ಲ್ಯಾಟಿನ್ನಿನಲ್ಲಿ ಒಂದೊಂದಾಗಿ ಕರೆಯುವ ಹಾಡು. ಒಬ್ಬರು ಬಿರುದು ಕರೆಯಬೇಕು, ಉಳಿದವರು ‘ಒರಾ ಪ್ರೊ ನೋಬಿಸ್’, ನಮಗಾಗಿ ಬೇಡಿಕೋ, ಎಂದು ಓಗೊಡಬೇಕು. ಅಮ್ಮ ಕರೆದರೆ ಕಾಪುವಿನ ದೀಪಸ್ತಂಭ ಒಂದು ಸುತ್ತು ಹೆಚ್ಚು ತಿರುಗುತ್ತಿತ್ತು. ಮೆತ್ತಗೆ ಜಪ ಮಾಡುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. “ದೇವರ ಹತ್ತಿರ ಚಾಡಿ ಹೇಳುವುದಾ ಎಂತ?” ಎನ್ನುತ್ತಿದ್ದಳು.

ಅಂಥವಳು ಅರವತ್ತೊಂದರ ಜನವರಿಯಲ್ಲಿ, ಒಂದು ಬೆಳಗ್ಗೆ, ಕಾಫಿ ಕುಡಿದು ಲೋಟ ಕೆಳಗಿಟ್ಟವಳು ಹಾಗೆಯೇ ತೀರಿಕೊಂಡಳು.

ನಮ್ಮಲ್ಲಿ ಸಾವಾದರೆ ಮೊದಲು ಇಗರ್ಜಿಗೆ ಓಡಬೇಕು. ಸಾವಿನ ಗಂಟೆ ಹೊಡೆಯುತ್ತದೆ. ಗಂಟೆ ಕೇಳಿದವರು ಇದ್ದಲ್ಲೇ ನಿಂತು, ಹಾರೆ ಹಿಡಿದವರು ಹಾರೆ ಬಿಟ್ಟು, ಹೊರಟ ಆತ್ಮಕ್ಕಾಗಿ ಒಂದು ಜಪ ಹೇಳುತ್ತಾರೆ. ಊರಿನ ಅಷ್ಟೂ ಬಾಯಿಗಳ ಜಪ ಒಟ್ಟಾಗಿ ಆತ್ಮವನ್ನು ಮೇಲಕ್ಕೆ ದೂಡುತ್ತದೆಂದು ನಮ್ಮ ನಂಬಿಕೆ. ನಾನು ಓಡಿದೆ. ನಾನು ಓಡಿದ ರಭಸಕ್ಕೆ ದಾರಿಯ ಗೇರುಮರಗಳು ಪೂರ್ವಕ್ಕೆ ವಾಲಿದವು, ಈಗಲೂ ನೋಡಬಹುದು. ಆದರೆ ಇಗರ್ಜಿಯ ಅಂಗಳದಲ್ಲಿ ಮಾವಿನ ತೋರಣ, ಬ್ಯಾಂಡು. ಅಂದು ನಮ್ಮ ವಾಡೆಯ ಗುರ್ಕಾರ, ಅಂದರೆ ಇಗರ್ಜಿಯ ಮಟ್ಟಿಗೆ ನಮ್ಮೆಲ್ಲರ ಮುಖಂಡ, ಇಮ್ಯಾನುಯೆಲ್ ಅವರ ಮಗಳು ಒಲಿಂಡಾಳ ಮದುವೆ.

ವಿಗಾರ್ ಪಾದ್ರಿಗಳು ನನ್ನನ್ನು ಬದಿಗೆ ಕರೆದರು.

“ಲಿಯೋನೆಲಾ, ಮದುಮಗಳು ಮೆಟ್ಟಿಲು ಹತ್ತುವಾಗ ಸಾವಿನ ಗಂಟೆಯಾ? ಅಪಶಕುನ ಅಲ್ವಾ? ಗುರ್ಕಾರರು ಎಂತ ಹೇಳಿಯಾರು? ಸಂಜೆ ಹೊಡೆಸುವ.”

“ಪದ್ರಾಬಾ, ಅಮ್ಮ ಈಗಾಗಲೇ ಹೊರಟು ಆಯಿತಲ್ಲ!”

“ಅಪೊಲೋನಿಯಾ ಬಾಯಿ ಒಳ್ಳೆಯ ಹೆಂಗಸು. ಸ್ವಲ್ಪ ಕಾಯುತ್ತಾಳೆ, ಮಾರಾಯ.”

ಹೀಗೆ ನನ್ನ ಅಮ್ಮ ಆ ದಿನವಿಡೀ ಸತ್ತೂ ಸಾಯದವಳಾಗಿ ಚಾಪೆಯ ಮೇಲೆ ಮಲಗಿದ್ದಳು. ಮದುವೆಗೆ ಹೊರಟ ನೆರೆಯವರು ಇಣುಕಿ, ಗಂಟೆ ಆಗದೆ ಅಳುವುದು ಸರಿಯೋ ತಪ್ಪೋ ತಿಳಿಯದೆ, “ಹೇಗಿದ್ದಾರೆ ಬಾಯಿ?” ಎಂದು ವಿಚಾರಿಸಿ ಹೋದರು. ಸಂಜೆ ಕೊನೆಗೂ ಗಂಟೆ ಹೊಡೆದಾಗ ಊರು ಮದುವೆಯ ಹಂದಿಮಾಂಸ, ಸಾನ್ನಾ ಎಂಬ ಕಳ್ಳಿನ ಇಡ್ಲಿ ಉಂಡು ಮಲಗಿತ್ತು. ‘ಯಾರೋ ಹೋದರು’ ಎಂದು ಮಗ್ಗುಲು ಬದಲಿಸಿತು. ಜಪ ಹೇಳಿದವರು ಎಷ್ಟು ಮಂದಿ ಇದ್ದಾರು? ಟಿಕೆಟಿಲ್ಲದ ಪ್ರಯಾಣಿಕಳ ಹಾಗೆ ಅಮ್ಮ ದಾರಿಯ ಮಧ್ಯೆ ಎಲ್ಲಿಯೋ ಇಳಿಸಲ್ಪಟ್ಟು ನಿಂತಿದ್ದಾಳೆ ಎಂದು ನನಗೆ ಅನ್ನಿಸಿತು. ಎಷ್ಟು ಜನರನ್ನು ಹಾಗೆ ಇಳಿಸಿದವನು ನಾನು. ನಿಂತವರ ಮುಖ ಹೇಗಿರುತ್ತದೆಂದು ನನಗೆ ಗೊತ್ತು.

ಮಣ್ಣು ಮಾಡಿದ ಮರುದಿನ ನಾನು ದೇವರಿಗೆ ರಾಜೀನಾಮೆ ಕೊಟ್ಟೆ. ಮೆತ್ತಗೆ ಕೊಟ್ಟದ್ದಲ್ಲ. ಇಗರ್ಜಿಯ ಎದುರು ಬಸ್ಸು ನಿಲ್ಲಿಸಿ, ಫುಟ್‌ಬೋರ್ಡಿನಲ್ಲಿ ನಿಂತು, “ದೇವರು ಇಲ್ಲ! ಇದ್ದರೆ ಗುರ್ಕಾರರ ಮನೆಯಲ್ಲಿ ಊಟಕ್ಕೆ ಕುಳಿತಿದ್ದಾನೆ! ರೈಟ್!” ಎಂದು ಕೂಗಿದೆ. ಪಡುಬಿದ್ರಿಯಲ್ಲಿ ಬಲೆ ಎಳೆಯುತ್ತಿದ್ದವರು ‘ಎಂತ ಗುಡುಗು’ ಎಂದು ಆಕಾಶ ನೋಡಿದರಂತೆ. ಮನೆಗೆ ಬಂದು ಯೇಸುಸ್ವಾಮಿಯ ಪಟವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದೆ. ನನ್ನ ಹೆಂಡತಿ ಝೀಟಾ ಸರಿ ಮಾಡಿದಳು. ನಾನು ತಿರುಗಿಸಿದೆ, ಅವಳು ಸರಿ ಮಾಡಿದಳು. ಕೊನೆಗೆ ಮೊಳೆ ಸಡಿಲವಾಗಿ ಸ್ವಾಮಿ ಓರೆಯಾಗಿ ನಿಂತು ನಮ್ಮಿಬ್ಬರನ್ನೂ ಒಟ್ಟಿಗೆ ನೋಡತೊಡಗಿದರು.

“ಆಯ್ಕಲೆಂಗೀ, ಕೇಳಿತಾ, ತೇರ್ಸ್ ಆದರೂ ಹೇಳುವ,” ಎಂದಳು ಝೀಟಾ. “ಅಮ್ಮನ ಆತ್ಮಕ್ಕಾದರೂ.”

“ಗಂಟೆ ಇಲ್ಲದೆ ಹೋದವಳಿಗೆ ನಿನ್ನ ತೇರ್ಸ್ ಯಾವ ಊರಲ್ಲಿ ಸಿಗುತ್ತದೆ?” ಎಂದೆ. ಅವಳು ಅಡಿಗೆಮನೆಗೆ ಹೋಗಿ ಒಬ್ಬಳೇ ಪಿಸುಗುಟ್ಟಿದಳು. ಝೀಟಾಳ ಸ್ವರ ಸೊಳ್ಳೆಗೂ ಕೇಳುವುದಿಲ್ಲ.

ಮುಸ್ಸಂಜೆ ನಮ್ಮ ಮನೆ ಮೌನವಾಯಿತು. ಒಂದು ವಾರ ಕಳೆಯುವಷ್ಟರಲ್ಲಿ ಪಕ್ಕದ ಮನೆಯ ಸುಂದರಿ ಅಂಗಳಕ್ಕೆ ಬಂದು ನಿಂತಳು. ತುಳುವಳು, ಗಂಡ ತೀರಿಕೊಂಡವಳು. ಹಗಲಿಡೀ ಯಾರದೋ ಗದ್ದೆಯಲ್ಲಿ ದುಡಿದು ಮುಸ್ಸಂಜೆ ತನ್ನ ಎಮ್ಮೆಯ ಹಾಲು ಕರೆದು ಪೇಟೆಯ ಹೋಟೆಲಿಗೆ ಕೊಡುತ್ತಿದ್ದಳು. ಇದ್ದಿಲಿಗಿಂತ ಕರಿಯ ಆ ಎಮ್ಮೆಗೆ ಬೊಳ್ಳಿ, ಅಂದರೆ ಬೆಳ್ಳಿ, ಎಂದು ಹೆಸರು.

“ಪೊರ್ಬುಗಳೇ,” ಎಂದಳು. ನಮ್ಮ ಗಂಡಸರನ್ನು ತುಳುವರು ಹಾಗೆಯೇ ಕರೆಯುವುದು. “ನೀವು ಜಪ ನಿಲ್ಲಿಸಿದ್ದೀರಂತೆ. ನನ್ನ ಬೊಳ್ಳಿ ಹಾಲು ಇಳಿಸುವುದಿಲ್ಲ.”

“ಅದಕ್ಕೂ ಇದಕ್ಕೂ ಎಂತ ಸಂಬಂಧ?”

“ಕರುವಾಗಿದ್ದಾಗಿನಿಂದ ನಿಮ್ಮ ಬಾಯಮ್ಮನ ಸ್ವರ ಕೇಳಿಯೇ ಅದು ಬೆಳೆದದ್ದು. ಬಾಯಮ್ಮ ಆ ಕೊನೆಯ ಹಾಡು ಸುರು ಮಾಡಿದ ಕೂಡಲೇ ಹಾಲು ತನ್ನಿಂತಾನೇ ಇಳಿಯುತ್ತಿತ್ತು. ಈಗ ಕೆಚ್ಚಲಿಗೆ ಕೈ ಹಾಕಿದರೆ ಒದೆಯುತ್ತದೆ. ನಿಮಗೆ ದೇವರ ಹತ್ತಿರ ಜಗಳ ಇದ್ದರೆ ಇರಲಿ, ನನ್ನ ಎಮ್ಮೆ ಎಂತ ಮಾಡಿತು?”

ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ನಾಸ್ತಿಕ ಇನ್ನೂ ಹುಟ್ಟಿಲ್ಲ. ಹೋಟೆಲಿನಲ್ಲಿ ಹಾಲಿಲ್ಲದೆ ಇಡೀ ಕಾಪು ಕಪ್ಪು ಚಹಾ ಕುಡಿದು ಸಿಡುಕತೊಡಗಿತ್ತು. ನನ್ನ ಬಸ್ಸಿನಲ್ಲೇ ಸೀಟಿಗಾಗಿ ಹೊಡೆದಾಟಗಳಾದವು. ಜನಹಿತಕ್ಕಾಗಿ ನಾನು ಬೊಳ್ಳಿಯ ಹಟ್ಟಿಗೆ, ಅಂದರೆ ಕೊಟ್ಟಿಗೆಗೆ, ಹೋದೆ. ಆದರೆ ಷರತ್ತು ಹಾಕಿದೆ: ರಾಗ ಮಾತ್ರ ನನ್ನದು, ಜಪ ಇಲ್ಲ. ಎಮ್ಮೆಗೆ ಬೇಕಾದದ್ದು ಸದ್ದು ತಾನೇ? ಲದಿನ್ ರಾಗದಲ್ಲಿ ನಾನು ನನ್ನ ಸ್ಟಾಪುಗಳನ್ನು ಕರೆದೆ.

“ಕಟಪಾ...ಡೀ! ಉದ್ಯಾವ...ರಾ! ಕಡಿಯಾ...ಳೀ! ಪರ್ಕ...ಳಾ! ಹಿರಿಯ...ಡ್ಕಾ!”

ಬೊಳ್ಳಿ ಬೈಲೂರಿನ ತನಕ ಸುಮ್ಮನಿದ್ದು, ಕಾರ್ಕಳ ಬಂದಾಗ ಚೆಂಬಿಗೆ ಒದ್ದಿತು. ಚೆಂಬು ಬೈಹುಲ್ಲಿನ ಕುತ್ರಿಯ ಆಚೆ ಬಿತ್ತು.

“ನನ್ನ ಎಮ್ಮೆಯನ್ನು ಬಸ್ಸು ಹತ್ತಿಸುತ್ತೀರಾ?” ಎಂದು ಸುಂದರಿ ಚೆಂಬು ಹೆಕ್ಕಲು ಹೋದಳು. “ಬಾಯಮ್ಮ ಹೇಳಿದ್ದನ್ನು ಹೇಳಿ.”

ಹಲ್ಲು ಕಚ್ಚಿಕೊಂಡು ಹೇಳಿದೆ: “ಸ್ತೆಲ್ಲಾ ಮಾತುತೀನಾ.” ಬೆಳಗಿನ ತಾರೆ. ಬೊಳ್ಳಿಯ ಕಿವಿ ನಿಮಿರಿತು. ಹಾಲು ಮಾತ್ರ ಇಲ್ಲ. ಲದಿನ್ ಒಬ್ಬನೇ ಹಾಡುವ ವಸ್ತುವಲ್ಲವಲ್ಲ. ಕರೆದ ಮೇಲೆ ಯಾರಾದರೂ ಓಗೊಡಬೇಕು. ಆ ತೆರಪು ಹಟ್ಟಿಯಲ್ಲಿ ಬಾವಿಯ ಹಾಗೆ ಬಾಯ್ದೆರೆದು ನಿಂತಿತು. ಆಗ ಎಮ್ಮೆಯ ಹೊಟ್ಟೆಯ ಅಡಿಯಿಂದ, ಕೆಚ್ಚಲಿಗೆ ನೀರು ಚಿಮುಕಿಸುತ್ತಿದ್ದ ಸುಂದರಿ, ತಲೆ ಎತ್ತದೆ, ಒಂದಕ್ಷರ ತಪ್ಪದೆ ಹಾಡಿದಳು:

“ಒರಾ ಪ್ರೊ ನೋಬಿಸ್.”

ಹಾಲು ಇಳಿಯಿತು. ಇಳಿಯಿತು ಎಂದರೆ ಹೇಗೆ? ಚೆಂಬು ತುಂಬಿತು, ಕೊಡಪಾನ ತುಂಬಿತು, ಅಕ್ಕಚ್ಚಿನ ಮಡಕೆ ತುಂಬಿತು, ಸುಂದರಿಯ ಬೆಕ್ಕು ಈಜಲು ಕಲಿಯಿತು.

“ನಿನಗೆ ಇದು ಯಾರು ಕಲಿಸಿದ್ದು?”

“ಕಲಿಸುವುದೆಂತ? ಈ ಬೇಲಿಯ ಈಚೆಯಿಂದ ಇಪ್ಪತ್ತು ವರ್ಷ ಸಂಜೆ ಸಂಜೆ ಕೇಳಿದ್ದೇನೆ. ಬಾಯಮ್ಮ ಆ ಕಡೆಯಿಂದ ಕರೆಯುತ್ತಿದ್ದರು, ನಾನು ಇಲ್ಲಿ ಹೇಳಿಕೊಳ್ಳುತ್ತಿದ್ದೆ. ಯಾರನ್ನೋ ಕರೆದು ಕರೆದು ಯಾರೂ ಉತ್ತರ ಕೊಡದಿದ್ದರೆ ಬೇಜಾರಲ್ವಾ?”

ಅಂದಿನಿಂದ ನಾನು ಇಗರ್ಜಿಗೆ ಹೋಗದ, ದೇವರನ್ನು ನಂಬದ, ದಿನಾಲೂ ಲದಿನ್ ಹಾಡುವ ಮನುಷ್ಯನಾದೆ. ನನ್ನಂಥವನು ರೋಮಿನಲ್ಲಿಯೂ ಸಿಗಲಿಕ್ಕಿಲ್ಲ. “ಇದು ಎಮ್ಮೆಗಾಗಿ,” ಎಂದು ಝೀಟಾಳಿಗೆ ಖಂಡಿತವಾಗಿ ಹೇಳಿದ್ದೆ. “ಹೌದು, ಹೌದು,” ಎಂದು ಅವಳೂ ಒಂದು ಮಣೆ ತಂದು ಹಟ್ಟಿಯ ಬಾಗಿಲಲ್ಲಿ ಕುಳಿತಳು. ಆಮೇಲೆ ಅಲೆವೂರಿನಿಂದ ಒಬ್ಬರು ಹಾಲು ಕೊಡದ ಹಸುವನ್ನು ಹೊಡೆದುಕೊಂಡು ಬಂದರು. ಹಿಂದಿನಿಂದ ಇನ್ನೂ ಹಲವು ಬಂದವು. ಮಳೆಗಾಲ ಮುಗಿಯುವಾಗ ಸುಂದರಿಯ ಅಂಗಳದಲ್ಲಿ ಸಂಜೆಗೆ ನೂರು ಕೊಂಬುಗಳಾದರೂ ಕಾಣುತ್ತಿದ್ದವು. ಭಾನುವಾರ ಇಗರ್ಜಿಯಲ್ಲಿ ಅಷ್ಟು ತಲೆಗಳಿರುತ್ತಿರಲಿಲ್ಲ.

ಸುದ್ದಿ ವಿಗಾರರಿಗೆ ಮುಟ್ಟದೆ ಇದ್ದೀತೇ? ಒಂದು ಸಂಜೆ ಬಿಳಿ ನಿಲುವಂಗಿಯನ್ನು ಮೊಣಕಾಲ ತನಕ ಎತ್ತಿ ಹಿಡಿದು, ಸೆಗಣಿ ತಪ್ಪಿಸುತ್ತಾ ಬಂದರು. ತಪ್ಪಿಸಲು ಆಗಲಿಲ್ಲ.

“ಲಿಯೋನೆಲಾ! ಹಟ್ಟಿಯಲ್ಲಿ ಬೇರೆ ಇಗರ್ಜಿ ಕಟ್ಟಿದ್ದೀಯಂತೆ?”

“ಇಗರ್ಜಿ ಅಲ್ಲ ಪದ್ರಾಬಾ. ಹಾಲು ಕರೆಯುತ್ತಿದ್ದೇವೆ.”

“ಮರಿಯಮ್ಮನವರ ಲದಿನ್ ಪ್ರಾಣಿಗಳಿಗೆ ಹಾಡುವುದಾ? ಅದೂ ಹಿಂದೂ ಎಮ್ಮೆಗೆ!”

“ಅದರ ಜಾತಿ ನಾನು ಕೇಳಲಿಲ್ಲ. ಟಿಕೆಟ್ ಕೊಡುವಾಗಲೂ ಕೇಳುವುದಿಲ್ಲ. ಅಲ್ಲದೆ ಪದ್ರಾಬಾ, ನಿಮ್ಮ ಯೇಸುಸ್ವಾಮಿ ಹುಟ್ಟಿದ್ದು ಗುರ್ಕಾರರ ಬಂಗಲೆಯಲ್ಲೋ, ಹಟ್ಟಿಯಲ್ಲೋ?”

ಸುಂದರಿ ಸೆರಗಿನಿಂದ ನಗು ಮುಚ್ಚಿದಳು. ವಿಗಾರರು ಕೂರಲು ಜಾಗ ಹುಡುಕಿ, ಕವುಚಿ ಹಾಕಿದ್ದ ಬುಟ್ಟಿಯ ಮೇಲೆ ಕುಳಿತರು. ಬುಟ್ಟಿ ನರಳಿತು. ಅಷ್ಟರಲ್ಲಿ ಬೊಳ್ಳಿಯ ಹಾಲು ಮುಗಿದಿತ್ತು. ಕರು ಬರಿಯ ಕೆಚ್ಚಲಿಗೆ ಗುದ್ದುತ್ತಿತ್ತು.

“ಹಾಲು ಆಯಿತಲ್ಲ,” ಎಂದರು ವಿಗಾರರು. “ಇನ್ನು ನಿಲ್ಲಿಸು. ಎಮ್ಮೆಗಾಗಿ ಅಂತ ನೀನೇ ಹೇಳಿದ್ದಂತೆ. ನಿನಗಂತೂ ದೇವರು ಬೇಡ.”

ಮಾತು ಸರಿಯಾಗಿಯೇ ಇತ್ತು. ನಾನು ಎದ್ದು ಹೊರಟೆ. ಹೊರಟೆ ಎಂದುಕೊಂಡೆ ಅಷ್ಟೆ, ಕಾಲು ಹಟ್ಟಿಯ ನೆಲಕ್ಕೆ ಹುಗಿದ ಹಾಗೆ ನಿಂತಿತು. ನಾನು ಹೆದರಿದ್ದು ನನ್ನ ಆಯುಷ್ಯದಲ್ಲಿ ಅದೊಂದೇ ಸಲ. ಹೊರಟುಹೋದರೆ ಅಮ್ಮ ಇನ್ನೂ ಆ ದಾರಿಬದಿಯಲ್ಲೇ ನಿಂತಿರುತ್ತಾಳೆ.

“ಸುಂದರಿ,” ಎಂದೆ, “ಅಮ್ಮ ಹೋದ ದಿವಸ ಬೆಳಿಗ್ಗೆ ಗಂಟೆ ಆಗಲಿಲ್ಲ, ಗೊತ್ತುಂಟಲ್ಲ? ಊರಿನಲ್ಲಿ ಯಾರೂ ಅವಳಿಗಾಗಿ ಜಪ ಹೇಳಲಿಲ್ಲ.”

“ಗಂಟೆ ಯಾಕೆ?” ಎಂದಳು ಸುಂದರಿ. “ನೀವು ಅತ್ತದ್ದು ಕೇಳಿತಲ್ಲ. ನನಗೆ ಬರುವುದು ಇದೊಂದೇ, ಇದನ್ನೇ ಹೇಳಿದೆ. ಬೇಲಿಯ ಹತ್ತಿರ ನಿಂತು, ತುಂಬಾ ಸಲ.”

ವಿಗಾರರು ತಮ್ಮ ಚಪ್ಪಲಿಯ ಸೆಗಣಿಯನ್ನು ನೋಡುತ್ತಿದ್ದರು. ನಾನು ಬೆನ್ನು ನೆಟ್ಟಗೆ ಮಾಡಿ, ಸತ್ತವರಿಗಾಗಿ ಹೇಳುವ ಜಪವನ್ನು, ಇಷ್ಟು ತಿಂಗಳು ಬಾಯಿಗೆ ತರದಿದ್ದುದನ್ನು, ಸುರು ಮಾಡಿದೆ:

“ರೇಕ್ವಿಯೆಮ್ ಎತೆರ್ನಮ್ ದೋನಾ ಏಯಿ, ದೋಮಿನೆ.” ಸ್ವಾಮೀ, ಅವಳಿಗೆ ನಿತ್ಯ ವಿಶ್ರಾಂತಿ ಕೊಡು.

“ಒರಾ ಪ್ರೊ ನೋಬಿಸ್,” ಎಂದಳು ಸುಂದರಿ, ಕೂಡಲೇ.

“ಅಲ್ಲ, ಅಲ್ಲ!” ಬುಟ್ಟಿಯಿಂದ ವಿಗಾರರು ಚಡಪಡಿಸಿದರು. ತಪ್ಪು ಉತ್ತರ ಕೇಳಿ ಸುಮ್ಮನಿರುವ ಪಾದ್ರಿ ಎಲ್ಲಿದ್ದಾನೆ? “ಅದಕ್ಕೆ ಉತ್ತರ ಬೇರೆ. ‘ಎತ್ ಲುಕ್ಸ್ ಪೆರ್ಪೆತುವಾ ಲೂಚೆಯಾತ್ ಏಯಿ.’ ನಿತ್ಯ ಬೆಳಕು ಅವಳ ಮೇಲೆ...”

ಅರ್ಧದಲ್ಲಿ ಅವರಿಗೆ ತಾವು ಯಾರಿಗಾಗಿ ಏನು ಹೇಳುತ್ತಿದ್ದೇವೆಂದು ಹೊಳೆದಿರಬೇಕು. ತಲೆಯ ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಆ ದೊಡ್ಡ ಮನುಷ್ಯರು ಹಟ್ಟಿಯಲ್ಲಿ ಬಹಳ ಸಣ್ಣಗೆ ಕಂಡರು.

“ಆ ದಿವಸ ಬೆಳಿಗ್ಗೆ ಹೊಡೆಸಬೇಕಿತ್ತು, ಲಿಯೋನೆಲಾ,” ಎಂದರು. “ನನಗೆ ಗುರ್ಕಾರರ ಹೆದರಿಕೆಯಿತ್ತು.”

ನನ್ನ ಬಳಿ ಅವರಿಗಾಗಿ ಅಷ್ಟೂ ತಿಂಗಳು ಮಸೆದಿಟ್ಟ ಬೈಗುಳಗಳಿದ್ದವು, ಒಂದು ಲಾರಿ ಲೋಡು. ಒಂದೂ ಬಾಯಿಗೆ ಬರಲಿಲ್ಲ. ಗುರ್ಕಾರರಿಗೆ ಹೆದರುವವನಿಗೂ ಮರಿಯಮ್ಮನನ್ನು ಕರೆಯಲು ಬಿಡಬೇಕಾಗುತ್ತದೆ, ಎಮ್ಮೆಯನ್ನೇ ಲದಿನಿಗೆ ಸೇರಿಸಿಕೊಂಡಾಯಿತಲ್ಲ.

“ಭಾನುವಾರ ಬರುತ್ತೀಯಾ?” ಎಂದು ಕೇಳಿದರು.

“ಅದು ನೋಡುವ. ಈಗ ಮೊದಲಿನಿಂದ ಹೇಳುವ,” ಎಂದೆ. “ಅಮ್ಮನ ಹೆಸರು ಹಿಡಿದು. ಸುಂದರಿ, ನೀನು ನಿನಗೆ ಬರುವುದನ್ನೇ ಹೇಳು. ಝೀಟಾ, ನೀನೂ.”

ವಿಗಾರರು ಗಂಟಲು ಸರಿಮಾಡಿಕೊಂಡು, “ಅಪೊಲೋನಿಯಾ...” ಎಂದು ಪಿಸುಮಾತಿನಲ್ಲಿ ತೊಡಗಿದರು.

“ಗಟ್ಟಿಯಾಗಿ, ಪದ್ರಾಬಾ,” ಎಂದೆ ನಾನು. “ಮೆತ್ತಗೆ ಹೇಳಿದರೆ ಅಮ್ಮ ಓಗೊಡುವುದಿಲ್ಲ.”