ಲೊವೇಡಾಳ ಕೊರಳ ಚಾವಿ

ದಾರದ ಗಂಟು ಬಿಚ್ಚಿಕೊಳ್ಳಲೇ ಇಲ್ಲ. ಹೆಣದ ಕತ್ತಿನ ಹಿಂದೆ ಎರಡೂ ಕೈ ತೂರಿಸಿ ಆರ್ಫಾ ಉಗುರಿನಿಂದ ಎಳೆದಾಡುತ್ತಿದ್ದಳು.

"ಕತ್ತರಿ ಹಾಕೇ. ಅವಳಿಗೇನು ನೋವಾಗತ್ತಾ?" ಎಂದ ಹೋಬರ್ಟ್. ಸತ್ತವಳ ಗಂಡ ಅವನು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಶವಪೆಟ್ಟಿಗೆಯ ಮುಚ್ಚಳಕ್ಕೆ ಒರಗಿ ನಿಂತಿದ್ದ.

"ಅಕ್ಕನ ಜೊತೇಲೇ ಹೋಗ್ಲಿ ಬಿಡಿ ಭಾವ. ಮದುವೆಯಾದಾಗಿಂದ ಕೊರಳಲ್ಲೇ ಇತ್ತು."

"ಮಣ್ಣೊಳಗೆ ಯಾರ ಬ್ಯಾಂಜೋ ಬಿಗೀತಾಳೆ? ತೆಗಿ ಅಂದ್ರೆ ತೆಗಿ."

ಆರ್ಫಾ ಕತ್ತರಿಸಿದಳು. ದಾರದ ಸಮೇತ ಬೆರಳುದ್ದದ ಹಿತ್ತಾಳೆ ಚಾವಿ ಈಚೆ ಬಂತು. ಬ್ಯಾಂಜೋ ಎಂಬ ತಂತಿವಾದ್ಯದ ದುಂಡು ಮುಖಕ್ಕೆ ಹೊದಿಸಿದ ತೊಗಲನ್ನು ಬಿಗಿಯುವ ತಿರುಪುಗಳಿಗೆ ಹಾಕುವ ಚಾವಿ. ಅದು ಒತ್ತಿಕೊಂಡಿದ್ದ ಕಡೆ ಲೊವೇಡಾಳ ಎದೆಯ ಮೇಲೆ ಹಸಿರು ಕಲೆಯಿತ್ತು. ಮಗಳು ಡೆಲ್ಫಿ ಒದ್ದೆ ಬಟ್ಟೆಯಿಂದ ತಿಕ್ಕಿದಳು. ಹೋಗಲಿಲ್ಲ. ಕೊನೆಗೆ ಅಮ್ಮನ ಕಾಲರಿನ ಗುಂಡಿ ಹಾಕಿ ಮುಚ್ಚಿದಳು.

ಬೆಟ್ಟದ ಮೇಲೆ ಮೂರು ದಿನದಿಂದ ಮಂಜು ಕೂತಿತ್ತು. ಗೋಡೆಯಲ್ಲಿದ್ದ ಬ್ಯಾಂಜೋದ ತೊಗಲು ಥಂಡಿ ಕುಡಿದು ಜೋತಿತ್ತು. ಹೋಬರ್ಟ್ ಅದನ್ನು ತೆಗೆದು ಒಮ್ಮೆ ಮೀಟಿದ. ಕಲಸಿದ ಹಿಟ್ಟಿನ ಮೇಲೆ ಬಡಿದಂತಾಯಿತು. ಸಮಾಧಿಯ ಹತ್ತಿರ ಇಡೀ ಕಣಿವೆ ಸೇರುವುದಿತ್ತು, ಹೋಬರ್ಟನ ಬ್ಯಾಂಜೋ ಕೇಳಲಿಕ್ಕೆ. ಹೆಂಡತಿ ಸತ್ತದ್ದಕ್ಕಿಂತ ಅವನಿಗೆ ಅದೇ ದೊಡ್ಡ ಚಿಂತೆ.

ಬ್ಯಾಂಜೋವನ್ನೂ ಚಾವಿಯನ್ನೂ ಡೆಲ್ಫಿಯ ಮಡಿಲಿಗೆ ಎಸೆದ. "ನಿಮ್ಮಮ್ಮ ಹೇಳ್ಕೊಟ್ಟಿರ್ತಾಳೆ. ಸರಿ ಮಾಡು."

"ನಂಗೆ ಬರಲ್ಲಪ್ಪ."

"ಮಾಡೇ!"

ಡೆಲ್ಫಿ ಕೈಗೆ ಸಿಕ್ಕ ತಿರುಪಿಗೆ ಚಾವಿ ಹಾಕಿ ಸುಮ್ಮನೆ ತಿರುಗಿಸಿದಳು. ಪಕ್ಕದ್ದನ್ನೂ ತಿರುಗಿಸಿದಳು. ತೊಗಲು ಒಂದು ಕಡೆ ಬಿಗಿದು, ಇನ್ನೊಂದು ಕಡೆ ಸುಕ್ಕುಗಟ್ಟಿತು. ಹೋಬರ್ಟ್ ಎರಡನ್ನೂ ಕಿತ್ತುಕೊಂಡು, ಚಾವಿಯನ್ನು ಜೇಬಿಗಿಳಿಸಿ ಮೀಟಿದರೆ ತಂತಿ ನೊಣದ ಹಾಗೆ ಗುಂಯ್‌ಗುಟ್ಟಿತು.

"ದಂಡಪಿಂಡ! ಇಷ್ಟು ವರ್ಷ ಕೂಳು ಹಾಕಿದ್ದು ದಂಡ."

ಆರ್ಫಾ ಇದಕ್ಕೇ ಕಾದಿದ್ದಳು. "ಬಾರದೋಳನ್ನ ಇಟ್ಕೊಂಡು ಏನ್ ಮಾಡ್ತೀರಿ ಭಾವ? ನಮ್ಮೂರಿನ ನೂಲಿನ ಗಿರಣೀಲಿ ಸೇರಿಸ್ತೀನಿ. ನನ್ನ ಜೊತೆ ಕಳಿಸಿ."

"ಕರ್ಕೊಂಡು ಹಾಳಾಗು. ಮಣ್ಣು ಹಾಕಿದ ಮೇಲೆ ಅಲ್ಲಿಂದ ಹಾಗೇ ಹೋಗ್ಲಿ. ಒಂದು ಹೊಟ್ಟೆ ಕಮ್ಮಿ."

ಡೆಲ್ಫಿ ತಲೆ ಎತ್ತಲಿಲ್ಲ. ಎತ್ತಿದ್ದರೆ ಮುಖದಲ್ಲಿದ್ದ ಸಂತೋಷ ಕಂಡುಬಿಡುತ್ತಿತ್ತು. ಅಮ್ಮನ ಹೆಣದ ಎದುರು ಸಂತೋಷ! ತನ್ನ ಮೇಲೆ ತನಗೇ ಹೇಸಿಗೆಯಾಯಿತು.

*

ಕಲ್ಲುಗಣಿಯ ಸಿಡಿಮದ್ದು ಹೋಬರ್ಟನ ಒಂದು ಕಿವಿಯನ್ನು ತಿಂದುಹಾಕಿ, ಇನ್ನೊಂದನ್ನು ಮಂದ ಮಾಡಿತ್ತು. ಬ್ಯಾಂಜೋ ಕೆಟ್ಟಿದೆ ಎಂಬುದು ಅವನಿಗೆ ಕೇಳುತ್ತಿತ್ತು, ಎಲ್ಲಿ ಕೆಟ್ಟಿದೆ ಎಂಬುದು ಕೇಳುತ್ತಿರಲಿಲ್ಲ. ಬೆರಳು ಅವನದು, ಕಿವಿ ಲೊವೇಡಾಳದು. ಹೆಸರು ಮಾತ್ರ ಅವನೊಬ್ಬನದೇ.

ಥಂಡಿಯ ದಿನ ಅವಳು ಮೊದಲು ತೊಗಲನ್ನು ಒಲೆಯ ಮುಂದೆ ಹಿಡಿದು ಬೆಚ್ಚಗೆ ಮಾಡುತ್ತಿದ್ದಳು. ಆಮೇಲೆ ಚಾವಿ. ಬಲಗಡೆ ಮೇಲಿನ ತಿರುಪು ಒಂದು ಚೂರು, ಅದರೆದುರು ಎಡಗಡೆ ಕೆಳಗಿನದು ಒಂದು ಚೂರು. ಪ್ರತಿ ಸಲ ಉಗುರಿನಿಂದ ತಟ್ಟಿ ಕೇಳುವುದು. ಹೋಬರ್ಟ್ ಎದುರಿನ ಕುರ್ಚಿಯಲ್ಲಿ ಕೂತು ಅವಳ ಕೈಯನ್ನೇ ನೋಡುತ್ತಿದ್ದ. ಜನರ ಮುಂದೆ ತಂತಿ ಗುಂಯ್ ಎಂದರೆ ಮನೆಗೆ ಬಂದು ಹೊಡೆಯುತ್ತಿದ್ದ. ಹಾಗೊಂದು ರಾತ್ರಿ ಅವಳ ಮುಂದಿನ ಹಲ್ಲು ಹೋಯಿತು.

ಒಮ್ಮೆ ತೊಗಲು ಹರಿದಾಗ ಅವನು ಡೆಲ್ಫಿಯ ಬೆಕ್ಕನ್ನು ಗೋಣಿಗೆ ಹಾಕಿದ. "ಬೆಕ್ಕಿನ ತೊಗಲಿನಂಥ ದನಿ ಇನ್ಯಾವುದಕ್ಕೂ ಇಲ್ಲ" ಎಂದ. ಸುಣ್ಣದಲ್ಲಿ ನೆನೆಸಿ, ಕೂದಲು ಕೆರೆದು, ಬ್ಯಾಂಜೋದ ಬಳೆಗೆ ಬಿಗಿದವಳು ಲೊವೇಡಾ. ಒಂಬತ್ತು ವರ್ಷದ ಡೆಲ್ಫಿ ಅಂಗಳದಾಚೆ ಮುಖ ತಿರುಗಿಸಿ ಅಳುತ್ತಾ ಕೂತಿದ್ದಳು. ಲೊವೇಡಾ ತಟ್ಟಿದಳು.

"ಅಮ್ಮಾ, ಕೆಳಗಡೇದು ಇನ್ನೂ ಸಡಿಲ ಇದೆ."

ಲೊವೇಡಾ ಓಡಿಬಂದು ಸುಣ್ಣದ ಕೈಯಲ್ಲೇ ಮಗಳ ಬಾಯಿ ಮುಚ್ಚಿದಳು. "ಕೇಳಿಸ್ತಾ ನಿಂಗೆ? ಅಯ್ಯೋ ದೇವರೇ, ನಿಂಗೂ ಕೇಳಿಸ್ತಾ? ಯಾರ ಹತ್ರಾನೂ ಅನ್ಬೇಡ ಕಂದಾ. ಅವನಿಗೆ ಗೊತ್ತಾದ್ರೆ ಈ ಮನೆಯಿಂದ ನಿನ್ನ ಹೆಣಾನೇ ಈಚೆ ಬರೋದು."

ಕೊನೆಯ ಜ್ವರದಲ್ಲಿ ಮಲಗಿದಾಗಲೂ ಅವಳಿಗೆ ಅದೇ ಧ್ಯಾನ. "ನಾನು ಹೋದ ದಿನಾನೇ ಚಾವೀನ ನಿನ್ನ ಕೈಗೆ ಕೊಡ್ತಾನೆ. ಬರಲ್ಲ ಅನ್ನು. ಹೊಡೆದ್ರೆ ಹೊಡೆಸ್ಕೋ. ಬರಲ್ಲ ಅನ್ನು."

*

ಸಮಾಧಿಯ ಗುಂಡಿಯ ಸುತ್ತ ಜನ ಸೇರಿದ್ದರು. ಪ್ರಾರ್ಥನೆ ಮುಗಿಸಿದ ಪಾದ್ರಿ, ಬ್ಯಾಂಜೋ ಕಂಡದ್ದೇ, ಸೈತಾನನ ವಾದ್ಯವೆಂದು ಮುಖ ಸಿಂಡರಿಸಿ ದೂರ ಹೋಗಿ ನಿಂತ. ಇಳಿಜಾರಿನ ಕೆಳಗೆ ಆರ್ಫಾಳ ಊರಿಗೆ ಹೋಗುವ ಟ್ರಕ್ಕು ಕಾದಿತ್ತು. ಡೆಲ್ಫಿಯ ಬಟ್ಟೆಗಂಟು ಆಗಲೇ ಅದರಲ್ಲಿತ್ತು.

ಹೋಬರ್ಟ್ ಲೊವೇಡಾಳಿಗೆ ಇಷ್ಟವಾದ ಹಾಡು ಹಿಡಿದ. ಮೊದಲ ಸಾಲಿಗೇ ಜನ ಒಬ್ಬರ ಮುಖ ಒಬ್ಬರು ನೋಡಿದರು.

"ಏನೋ ಇದು, ತಗಡು ಬಡಿದ ಹಾಗೆ!" ಎಂದ ಪಿಟೀಲು ಬಾರಿಸುವ ಮುದುಕ ಎನಾಸ್.

"ಥಂಡಿ ಕಣೋ. ತೊಗಲು ಸಡಿಲಾಗಿದೆ."

"ಹೌದೌದು. ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ. ಹೆಂಡ್ತಿ ಜೊತೆ ನಿನ್ನ ಕೈನೂ ಪೆಟ್ಟಿಗೆಗೆ ಹಾಕಿಬಿಟ್ಯಾ?"

ಯಾರೋ ಕಿಸಕ್ಕೆಂದರು. ಹೋಬರ್ಟನ ಕತ್ತು ಕೆಂಪಾಯಿತು. ಹಲ್ಲು ಕಚ್ಚಿ ಇನ್ನೂ ಜೋರಾಗಿ ಬಾರಿಸಿದ. ಹಗ್ಗದಲ್ಲಿ ಪೆಟ್ಟಿಗೆ ಇಳಿಯತೊಡಗಿತು.

ಡೆಲ್ಫಿಗೆ ತಡೆಯಲಾಗಲಿಲ್ಲ. ಒಂದೊಂದು ಸ್ವರವೂ ಹಲ್ಲಿನ ಬೇರಿಗೆ ತಾಗುತ್ತಿತ್ತು. ಜೀವಮಾನವೆಲ್ಲ ಒಂದೇ ಒಂದು ಅಪಸ್ವರಕ್ಕೆ ಹೆದರಿ ಬದುಕಿದವಳನ್ನು ಈ ಗದ್ದಲದಲ್ಲಿ ಮಣ್ಣಿಗೆ ಕಳಿಸುತ್ತಿದ್ದಾರಲ್ಲ, ಅದನ್ನು ಸರಿ ಮಾಡಬಲ್ಲವಳು ಇಲ್ಲೇ ನಿಂತಿದ್ದಾಳಲ್ಲ! ಅವಳು ಕಣ್ಣು ಮುಚ್ಚಿದಳು. ತೊಟ್ಟಿದ್ದು ಅಮ್ಮನ ಕೋಟು, ಎರಡು ಸಾಲು ಗುಂಡಿಗಳದ್ದು. ಅವಳ ಬೆರಳು ತಾನಾಗಿಯೇ ಬಲಗಡೆ ಮೇಲಿನ ಗುಂಡಿಯನ್ನು ಹಿಡಿದು ಒಂದು ಚೂರು ತಿರುಗಿಸಿತು. ಆಮೇಲೆ ಎಡಗಡೆ ಕೆಳಗಿನದು ಒಂದು ಚೂರು. ಉಗುರಿನಿಂದ ತಟ್ಟಿತು. ಮತ್ತೆ ಬಲಗಡೆ.

"ಡೆಲ್ಫೀ" ಎಂದು ಆರ್ಫಾ ಪಿಸುಗುಟ್ಟಿದಳು. "ಕೈ ಕೆಳಗೆ ಬಿಡೇ!"

ಬ್ಯಾಂಜೋ ನಿಂತಿತು.

ಡೆಲ್ಫಿ ಕಣ್ಣು ತೆರೆದಾಗ ಅಪ್ಪ ಅವಳ ಕೈಯನ್ನು ನೋಡುತ್ತಿದ್ದ. ಕೇಳಿ ತಿಳಿಯಲಾರದವನು ಅವನು, ಆದರೆ ಆ ಕೈಯ ಆಟವನ್ನು ಎದುರಿನ ಕುರ್ಚಿಯಲ್ಲಿ ಕೂತು ವರ್ಷಗಟ್ಟಲೆ ನೋಡಿದ್ದ. ಬ್ಯಾಂಜೋವನ್ನು ಎನಾಸನ ಕೈಗಿಟ್ಟು, ಸಮಾಧಿಯನ್ನು ಬಳಸಿಕೊಂಡು ನಿಧಾನವಾಗಿ ಬಂದ. ಜೇಬಿನಿಂದ ಚಾವಿ ತೆಗೆದ.

"ಭಾವ, ಮಾತು ಕೊಟ್ಟಿದೀರಿ!"

"ಬರಲ್ಲ ಅಂದಿದ್ದಕ್ಕೆ ಕೊಟ್ಟಿದ್ದು" ಎಂದ ಹೋಬರ್ಟ್. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಕಳೆದುಹೋದ ಹಸು ಸಿಕ್ಕಿದವನ ಹಾಗಿದ್ದ. "ನೀನು ಹೊರಡು ಆರ್ಫಾ. ಕತ್ತಲಾಗತ್ತೆ."

ಕತ್ತರಿಸಿದ ದಾರದ ಎರಡು ತುದಿಗಳನ್ನು ಮಗಳ ಕತ್ತಿನ ಹಿಂದಕ್ಕೆ ತಂದು ಗಂಟು ಹಾಕಿದ. ದಾರ ಗಿಡ್ಡವಾಗಿತ್ತು. ಚಾವಿ ಎದೆಗೆ ಇಳಿಯದೆ ಗಂಟಲ ಕುಳಿಯಲ್ಲೇ ಕೂತಿತು. ಹಿಂದೆ ಮಣ್ಣು ಬೀಳತೊಡಗಿತು. ಡೆಲ್ಫಿ ಉಗುಳು ನುಂಗಿದಾಗಲೆಲ್ಲ ಚಾವಿ ಮೇಲೆದ್ದು ಇಳಿಯುತ್ತಿತ್ತು.