ಮೂತಿ ಒಳಗಿಟ್ಟ ಗಾಡಿ

ಸ್ಯಾಡ್ಲರ್ಸ್ ಕೊಲ್ಲಿಯ ಕ್ಯಾಂಪಿಗೆ ಬಂದವರು ಮೊದಲು ನೋಡುತ್ತಿದ್ದುದು ಸಮುದ್ರವನ್ನಲ್ಲ, ಒಂದನೇ ನಂಬರಿನ ಜಾಗದಲ್ಲಿದ್ದ ಕ್ಯಾರವಾನನ್ನು, ಜೀಪಿನ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆಯನ್ನು. ಅದು ಪೊದೆಯೊಳಗೆ ಮೂತಿ ತೂರಿಸಿ, ದಾರಿಗೆ ಬೆನ್ನು ತೋರಿಸಿಕೊಂಡು ನಿಂತಿತ್ತು. ಎಳೆಯುವ ಜೀಪಿನಿಂದ ಅದನ್ನು ಬಿಡಿಸಿರಲೂ ಇಲ್ಲ. ಗಾಡಿಯನ್ನು ಹಿಮ್ಮುಖವಾಗಿ ಒಳಗೆ ತಳ್ಳಿ, ಮೂತಿಯನ್ನು ದಾರಿಯ ಕಡೆಗಿಟ್ಟು ನಿಲ್ಲಿಸುವುದು ಆ ಜನಕ್ಕೆ ಹಲ್ಲುಜ್ಜುವಷ್ಟು ಸಹಜ. ಹಾಗೆ ಮಾಡದವನನ್ನು ಕಂಡರೆ, ಅಂಗಿಯ ಒಳಮೈ ಹೊರಗೆ ಮಾಡಿ ತೊಟ್ಟು ಮದುವೆಗೆ ಬಂದವನನ್ನು ಕಂಡ ಹಾಗೆ, ಕೇಳದೆ ಮುಂದೆ ಹೋಗುವುದು ಅವರಿಂದಾಗುತ್ತಿರಲಿಲ್ಲ.

"ಏನು ಗುರು, ಗಾಡಿ ಹಿಂದುಮುಂದಾಗಿ ನಿಲ್ಸಿದೀಯ?"

"ಬೆಳಗ್ಗೆ ಕಿಟಕಿ ತೆಗೆದ್ರೆ ನಂಗೆ ಹಕ್ಕಿ ಕಾಣ್ಸುತ್ತೆ. ನಿಂಗೆ ಏನು ಕಾಣ್ಸುತ್ತೆ ಹೇಳು, ಕಕ್ಕಸು," ಎನ್ನುತ್ತಿದ್ದ ಕೆಲ್ವಿನ್.

ಇನ್ನೊಬ್ಬರು ಕೇಳಿದರೆ ಗಾಳಿಯ ನೆಪ. ಮತ್ತೊಬ್ಬರಿಗೆ ಬಿಸಿಲಿನದು. ಜೀಪು ಯಾಕೆ ಬಿಡಿಸಿಲ್ಲ ಎಂದರೆ ಮಾತ್ರ ಉತ್ತರ ಒಂದೇ: "ಮನಸ್ಸು ಬಂದ ದಿನ ಕೀಲಿ ತಿರುಗಿಸೋದು, ಹೊರಡೋದು. ಉತ್ತರದ ತುದೀಲಿರೋ ಬ್ರೂಮ್ ಊರಿನವರೆಗೆ ಎಲ್ಲೂ ನಿಲ್ಲೋದಿಲ್ಲ." ಹಾಗೆನ್ನುತ್ತಾ ಜೇಬಿನೊಳಗಿನ ಕೀಲಿಯನ್ನು ಒಮ್ಮೆ ಕುಲುಕಿಸುತ್ತಿದ್ದ.

ಅವನ ಹೆಂಡತಿ ಗ್ಲೆನಿಸ್ ಪಕ್ಕದಲ್ಲೇ ಕಕ್ಕಸಿನ ಕಾಗದದ ಸುರುಳಿಗಳನ್ನು ಎತ್ತಿಕೊಂಡು ನಿಂತು ನಗುತ್ತಿದ್ದಳು. ಆ ಬೇಸಿಗೆ, ಅಂದರೆ ಆ ದಕ್ಷಿಣ ಸೀಮೆಯಲ್ಲಿ ನವೆಂಬರಿನಿಂದಾಚೆ, ಗಂಡಹೆಂಡತಿ ಇಬ್ಬರೂ ಕ್ಯಾಂಪಿನ ಹೋಸ್ಟ್‌ಗಳು. ಅರಣ್ಯ ಇಲಾಖೆ ಸಂಬಳ ಕೊಡುವುದಿಲ್ಲ, ಒಂದು ಹಸಿರು ಅಂಗಿ ಕೊಡುತ್ತದೆ, ಬಾಡಿಗೆಯಿಲ್ಲದೆ ಇರಲು ಬಿಡುತ್ತದೆ. ಪ್ರತಿಯಾಗಿ ಕಕ್ಕಸು ತೊಳೆಯಬೇಕು, ಬಂದವರಿಗೆ ಜಾಗ ತೋರಿಸಬೇಕು, ನಾಯಿ ತಂದವರಿಗೆ ನಾಯಿ ತರಬಾರದೆಂದು ಹೇಳಬೇಕು. ಹೇಳಬಹುದು ಅಷ್ಟೆ. ಮಾಡಿಸುವ ಅಧಿಕಾರ ಆ ಅಂಗಿಯೊಳಗೆ ಇರಲಿಲ್ಲ.

ಗಾಡಿ ಹಾಗೆ ನಿಂತಿದ್ದಕ್ಕೆ ನಿಜವಾದ ಕಾರಣ ಗೊತ್ತಿದ್ದುದು ಇಬ್ಬರಿಗೆ. ಅದನ್ನು ಆಡುತ್ತಿದ್ದವರು ಯಾರೂ ಇಲ್ಲ.

ನವೆಂಬರಿನಲ್ಲಿ ಇಲ್ಲಿಗೆ ಬರುವ ದಾರಿಯಲ್ಲಿ ಆಲ್ಬನಿ ಊರಿನ ವೈದ್ಯರೊಬ್ಬರು ಕೆಲ್ವಿನ್ನನ ಕಣ್ಣ ಮುಂದೆ ಬೆರಳಾಡಿಸಿ, ತಲೆಯ ಫೋಟೋ ತೆಗೆಸಿ, ಮಿದುಳಿನ ಹಿಂಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದಿದ್ದರು. ಎರಡು ಕಣ್ಣಿಗೂ ಎಡಗಡೆಯ ಅರ್ಧ ನೋಟ ಹೋಗಿದೆ. ಇನ್ನು ಸ್ಟೇರಿಂಗ್ ಮುಟ್ಟಕೂಡದು. ನಲವತ್ತು ವರ್ಷ ಗೋಧಿ ಲಾರಿ ಓಡಿಸಿದವನು ಕೆಲ್ವಿನ್. "ಆಯ್ತು ಡಾಕ್ಟ್ರೇ," ಎಂದು ಎದ್ದುಬಂದು, ಸೀದಾ ಜೀಪಿನಲ್ಲಿ ಕೂತು, ಕ್ಯಾರವಾನನ್ನು ಎಳೆದುಕೊಂಡು ಕೊಲ್ಲಿಯವರೆಗೆ ಬಂದಿದ್ದ. ಗ್ಲೆನಿಸ್ ದಾರಿಯುದ್ದಕ್ಕೂ "ಎಡಕ್ಕೆ ಸೇತುವೆ, ಎಡಕ್ಕೆ ಸೈಕಲ್" ಎನ್ನುತ್ತಾ ಬಂದಳು. ಹಿಮ್ಮುಖ ತಳ್ಳುವ ಧೈರ್ಯ ಮಾತ್ರ ಅವನಿಗೂ ಬರಲಿಲ್ಲ. ಮೂತಿ ಮುಂದಾಗಿ ನುಗ್ಗಿಸಿದ. ಆಗಲೂ ಜಾಗದ ಬಾಯಲ್ಲಿದ್ದ ಎಡಗಡೆಯ ಮರದ ಗೂಟಕ್ಕೆ ಗಾಡಿ ಉಜ್ಜಿ, ಗೂಟದ ಮೇಲೆ ಬಿಳಿ ಬಣ್ಣದ ಗೀರು ಉಳಿಯಿತು.

ಅಲ್ಲಿಂದ ಮುಂದೆ ಅವನ ತಟ್ಟೆಯ ಎಡಭಾಗದ ಸಾಸೇಜು ಹಾಗೆಯೇ ಉಳಿಯುತ್ತಿತ್ತು. ಗ್ಲೆನಿಸ್ ಸದ್ದಿಲ್ಲದೆ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿಡುತ್ತಿದ್ದಳು.

"ಓ, ಇನ್ನೂ ಇತ್ತಾ?" ಎನ್ನುತ್ತಿದ್ದ.

"ಇತ್ತು."

ಆ ವಿಷಯದಲ್ಲಿ ಅವರ ನಡುವೆ ನಡೆದ ಮಾತುಕತೆ ಇಷ್ಟೇ. ಏಪ್ರಿಲ್‌ನಲ್ಲಿ ಕ್ಯಾಂಪು ಬಿಡಬೇಕು. ಆವತ್ತು ಕೆಲ್ವಿನ್ ಸ್ಟೇರಿಂಗ್ ಹಿಂದೆ ಕೂತರೆ ತಾನು ಆ ಜೀಪು ಹತ್ತುವುದಿಲ್ಲ ಎಂದು ಗ್ಲೆನಿಸ್ ತೀರ್ಮಾನಿಸಿದ್ದಳು. ಹತ್ತುವುದಿಲ್ಲ ಎಂದು ಹೇಳುವುದು ಹೇಗೆಂಬುದನ್ನು ತೀರ್ಮಾನಿಸಿರಲಿಲ್ಲ. ಅವಳೇ ಓಡಿಸಬಹುದಿತ್ತು, ಲೈಸೆನ್ಸ್ ಇತ್ತು. ಆದರೆ ಮದುವೆಯಾದಾಗಿನಿಂದ ಕ್ಯಾರವಾನ್ ಎಳೆಯುವ ಹೊತ್ತಿನಲ್ಲಿ ಅವಳ ಜಾಗ ಗಾಡಿಯ ಹಿಂದೆ, ಎಡಗಡೆ. ಕನ್ನಡಿಯಲ್ಲಿ ಕಾಣುವ ಹಾಗೆ ನಿಂತು ಕೈಬೀಸುವುದು.

ಆ ಕೈಬೀಸುವಿಕೆಯ ಕಥೆಯನ್ನು ಕೆಲ್ವಿನ್ ಪ್ರತಿ ಸಂಜೆ ಹೇಳುತ್ತಿದ್ದ. ಐದು ಗಂಟೆಗೆ ಮಡಿಸುವ ಕುರ್ಚಿಗಳು ಪೆಪ್ಪರ್‌ಮಿಂಟ್ ಮರದ ಕೆಳಗೆ ಅರ್ಧಚಂದ್ರಾಕಾರವಾಗಿ ಸೇರುತ್ತಿದ್ದವು. ಕೈಯಲ್ಲಿ ಬಿಯರು, ಎದುರಿಗೆ ಯಾರಾದರೂ ಹೊಸಬ ಗಾಡಿ ಹಿಮ್ಮುಖ ತಳ್ಳಲು ಒದ್ದಾಡುತ್ತಿರುವ ನೋಟ. ಇದಕ್ಕಿಂತ ಒಳ್ಳೆಯ ನಾಟಕ ಆ ಕರಾವಳಿಯಲ್ಲಿ ಇರಲಿಲ್ಲ.

"ನಮ್ಮ ಗ್ಲೆನ್ ಇದಾಳಲ್ಲ," ಎಂದು ಶುರುಮಾಡುತ್ತಿದ್ದ, "ಒಂದ್ಸಲ ಹಿಂದೆ ನಿಂತು 'ಬಾ ಬಾ' ಅಂತ ಕೈ ಮಾಡ್ತಾಳೆ. ನಾನು ಬಂದೆ. ಇನ್ನೂ ಮಾಡ್ತಾಳೆ. ಇನ್ನೂ ಬಂದೆ. ಧಡಾರ್! ನಲ್ಲಿ ಕಂಬ ಮುರಿದು ನೀರು ಕಾರಂಜಿ. ಇಳಿದು ಬಂದು ಕೇಳಿದ್ರೆ ಏನಂತಾಳೆ ಗೊತ್ತಾ? 'ನಾನು ನೊಣ ಓಡಿಸ್ತಾ ಇದ್ದೆ!'"

"ನೊಣ ಮೂಗಿನೊಳಗೆ ಹೋಗ್ತಿತ್ತು ಕಣೋ," ಎನ್ನುತ್ತಿದ್ದಳು ಗ್ಲೆನಿಸ್. "ನೀನು ಕನ್ನಡಿ ಬದಲು ನನ್ನ ಮುಖ ನೋಡಿದ್ರೆ ಗೊತ್ತಾಗ್ತಿತ್ತು."

"ಮದುವೆ ದಿನ ನೋಡಿದ್ನಲ್ಲ, ಸಾಲದಾ?"

ನಗು ನಿಲ್ಲುವ ಮೊದಲೇ ಅವನು ಎದ್ದಿರುತ್ತಿದ್ದ. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬೆಳಗ್ಗೆ ಯಾರಾದರೂ ಹೊರಟರೆ ಅವರ ಕೊಕ್ಕೆ ಬಿಗಿಯಾಗಿದೆಯೇ, ಮೆಟ್ಟಿಲು ಮೇಲೆತ್ತಿದ್ದಾರೆಯೇ ಎಂದು ಸುತ್ತು ಹಾಕಿ ನೋಡುತ್ತಿದ್ದ. ಬಲಗಡೆಯಿಂದ ಸುತ್ತು ಹಾಕುವುದನ್ನು ಅಭ್ಯಾಸ ಮಾಡಿಕೊಂಡಿದ್ದ. "ಎಲ್ಲಿಗೆ?" ಎಂದು ಕೇಳುತ್ತಿದ್ದ. ಅವರು ಊರಿನ ಹೆಸರು ಹೇಳಿದರೆ ಆ ದಾರಿಯ ಪ್ರತಿ ಪೆಟ್ರೋಲ್ ಬಂಕನ್ನೂ ಹೇಳುತ್ತಿದ್ದ. ಅವರು ಹೋದ ಮೇಲೆ ಧೂಳು ಕೂರುವವರೆಗೂ ನಿಂತು ಕೀಲಿ ಕುಲುಕುತ್ತಿದ್ದ. ಆ ಸದ್ದು ಗ್ಲೆನಿಸಳ ಕಿವಿಗೆ ಕಕ್ಕಸಿನೊಳಗೂ ಬೀಳುತ್ತಿತ್ತು.

ಏಪ್ರಿಲ್‌ವರೆಗೆ ಕಾಯಬೇಕಾಗಲಿಲ್ಲ, ಜನವರಿಯ ಕೊನೆಯ ವಾರದಲ್ಲೇ ಟೆಗನ್ ಬಂದಳು. ಟೆಗನ್ ಅಲ್ಲಿನ ರೇಂಜರ್, ಮೂವತ್ತರ ಹುಡುಗಿ. ಅವರ ತರಕಾರಿ, ಬ್ರೆಡ್ಡನ್ನು ಗುರುವಾರಗುರುವಾರ ಊರಿನಿಂದ ತಂದುಕೊಡುತ್ತಿದ್ದವಳೂ ಅವಳೇ. ಆ ದಿನ ಬುಧವಾರವಾಗಿತ್ತು, ಕೈಯಲ್ಲಿ ಬ್ರೆಡ್ಡಿರಲಿಲ್ಲ. ಗೇಟಿನ ಬಳಿಯ ಕಾಡ್ಗಿಚ್ಚಿನ ಅಪಾಯ ಎಷ್ಟೆಂದು ತೋರಿಸುವ ಹಲಗೆಯ ಮುಳ್ಳನ್ನು ಕೊನೆಯ ಕಡುಗೆಂಪಿನವರೆಗೆ ತಿರುಗಿಸಿ ಬಂದಿದ್ದಳು. ಮರುಭೂಮಿಯ ಕಡೆಯಿಂದ ಗಾಳಿ ಆಗಲೇ ಎದ್ದಿತ್ತು.

"ನಾಳೆಗೆ ಪಾರ್ಕು ಬಂದ್. ಎಲ್ರೂ ಇವತ್ತು ಮಧ್ಯಾಹ್ನದೊಳಗೆ ಆಚೆ. ಬೆಂಕಿ ಬೀಳುತ್ತೆ ಅಂತಲ್ಲ. ಬಿದ್ರೆ ಇರೋದು ಒಂದೇ ದಾರಿ ನೋಡಿ."

"ನಾವು?" ಎಂದಳು ಗ್ಲೆನಿಸ್.

"ನೀವೂನೂ. ನೀವು ಕೊನೆಗೆ, ನಿಮ್ಮ ಹಿಂದೆ ಗೇಟು ಹಾಕ್ಕೊಂಡು ನಾನು. ಕೆಲ್, ನಿಮಗೇನು, ಗಾಡಿ ಕಟ್ಕೊಂಡೇ ನಿಂತಿದೀರಲ್ಲ!"

"ನವೆಂಬರ್‌ನಿಂದ!" ಎಂದ ಕೆಲ್ವಿನ್. ಅವನ ಮುಖ ಹೊಳೆಯುತ್ತಿತ್ತು.

ಹನ್ನೆರಡರ ಹೊತ್ತಿಗೆ ಕ್ಯಾಂಪು ಖಾಲಿ. ಕೆಲ್ವಿನ್ ಎಲ್ಲರನ್ನೂ "ಎಲ್ಲಿಗೆ?" ಎಂದು ಕೇಳಿ ಕಳಿಸಿದ. ಆಮೇಲೆ ಕೀಲಿ ತೆಗೆದು ಜೀಪು ಹತ್ತಿದ. ಇಂಜಿನ್ ಎರಡು ಸಲ ಕೆಮ್ಮಿ ಶುರುವಾಯಿತು. ಟೆಗನ್ ತನ್ನ ವಾಹನಕ್ಕೆ ಒರಗಿ, ನಾಟಕಕ್ಕೆ ಉಳಿದ ಏಕೈಕ ಪ್ರೇಕ್ಷಕಿಯಾಗಿ ನಿಂತಳು.

ಗ್ಲೆನಿಸ್ ಜೀಪು ಹತ್ತಲಿಲ್ಲ. ಹತ್ತುವುದಿಲ್ಲ ಎಂದೂ ಹೇಳಲಿಲ್ಲ. ಹಿಂದಕ್ಕೆ ನಡೆದು, ಎಡಗಡೆ, ಎಂದಿನ ಜಾಗದಲ್ಲಿ, ಎಡಗನ್ನಡಿಗೆ ಕಾಣುವ ಹಾಗೆ ನಿಂತು ಎರಡೂ ಕೈ ಎತ್ತಿದಳು.

ಗಾಡಿ ಅಲುಗಲಿಲ್ಲ.

"ಗ್ಲೆನ್? ಎಲ್ಲಿದೀಯ?"

"ಇಲ್ಲೇ."

"ಇಲ್ಲೇ ಅಂದ್ರೆ ಎಲ್ಲಿ?"

"ಯಾವಾಗ್ಲೂ ನಿಂತ್ಕೊಳ್ಳೋ ಕಡೆ."

ಕನ್ನಡಿಯಲ್ಲಿ ಅವಳಿಗೆ ಅವನ ಮುಖ ಚೆನ್ನಾಗಿ ಕಾಣುತ್ತಿತ್ತು. ಕತ್ತು ಎಡಕ್ಕೆ ಹೊರಳಿತು, ಇನ್ನಷ್ಟು ಹೊರಳಿತು. ಕನ್ನಡಿಯನ್ನು ಮುಟ್ಟಿದ ನೋಟ ಅವಳನ್ನು ದಾಟಿ ಪೊದೆಗೆ ಹೋಯಿತು, ವಾಪಸು ಬಂತು, ಮತ್ತೆ ದಾಟಿತು. ಅವಳು ಕೈ ಇಳಿಸಲಿಲ್ಲ. ತೋಳು ನೋಯತೊಡಗಿತು.

ಇಂಜಿನ್ ನಿಂತಿತು.

"ಏನಾಯ್ತು?" ಎಂದಳು ಟೆಗನ್.

ಕೆಲ್ವಿನ್ ಇಳಿದು ಬಂದ. ಗಾಡಿಯ ಪಕ್ಕದಲ್ಲಿ ಕೈಯಾಡಿಸುತ್ತಾ ಹೆಂಡತಿಯವರೆಗೆ ಬಂದು ಕೀಲಿ ಚಾಚಿದ. "ತಗೋ. ನೀನೇ ಕೂತ್ಕೋ."

"ನಂಗೆ ಹಿಂದಕ್ಕೆ ತಗಂಡು ಗೊತ್ತಿಲ್ಲ ಕಣೋ."

"ನಂಗೆ ಗೊತ್ತಿದೆ. ಕಾಣ್ಸಲ್ಲ." ಮೂರು ತಿಂಗಳಲ್ಲಿ ಮೊದಲ ಸಲ ಅಂದ ಆ ಮಾತನ್ನು ಅವನು ಅಲ್ಲಿಗೇ ಬಿಟ್ಟು ಮುಂದೆ ಹೋದ. "ಸ್ಟೇರಿಂಗ್ ಕೆಳಗಡೆ ಹಿಡ್ಕೋ. ಗಾಡಿಯ ಅಂಡು ಯಾವ ಕಡೆ ಹೋಗ್ಬೇಕೋ ಆ ಕಡೆ ಕೈ ತಗಂಡು ಹೋಗು. ನಿಧಾನ. ನಿಮ್ಮಮ್ಮ ಇಸ್ಪೀಟಾಡೋಷ್ಟು ನಿಧಾನ."

ಟೆಗನ್ ಇಬ್ಬರ ಮುಖ ನೋಡಿ, ಬೂಟಿನ ದಾರ ಬಿಗಿದುಕೊಳ್ಳಲು ಬಗ್ಗಿದಳು. ದಾರ ಬಿಗಿಯಾಗಿಯೇ ಇತ್ತು.

ಮೊದಲ ಸಲ ಗಾಡಿ ಪೊದೆಗೆ ನುಗ್ಗಿತು. ಎರಡನೇ ಸಲ ಜೀಪೂ ಕ್ಯಾರವಾನೂ ಮಡಿಸಿದ ಚಾಕುವಿನ ಹಾಗೆ ಮುಖಾಮುಖಿಯಾದವು.

"ಮುಂದಕ್ಕೆ ತಗೋ, ನೆಟ್ಟಗೆ ಮಾಡು!" ಎಂದು ಕೆಲ್ವಿನ್ ಕೂಗಿದ. "ನೋಡೋಕೆ ಯಾರೂ ಇಲ್ಲ, ಅಳಬೇಡ!"

"ಯಾರೋ ಅಳ್ತಿರೋದು? ಬೆವರು!"

ಮೂರನೇ ಸಲ ಹಿಂದಕ್ಕೆ ತೆಗೆಯುವ ಮೊದಲು ಗ್ಲೆನಿಸ್ ಎಡಗನ್ನಡಿ ನೋಡಿದಳು. ಅವನು ಕೈ ಮುಂದೆ ಚಾಚಿಕೊಂಡು ಜಾಗದ ಬಾಯಿಗೆ ನಡೆಯುತ್ತಿದ್ದ. ಗಾಳಿಯಲ್ಲಿ ತಡಕಿ, ತಡಕಿ, ಬಿಳಿ ಗೀರಿನ ಗೂಟ ಸಿಕ್ಕಿತು. ಅದರ ತಲೆಯ ಮೇಲೆ ಎಡ ಅಂಗೈ ಊರಿ ನಿಂತ. ಕಣ್ಣಿಗೆ ಸಿಗದ್ದು ಎಲ್ಲಿದೆ ಎಂದು ಈಗ ಅವನಿಗೆ ಗೊತ್ತಿತ್ತು. ಅಲ್ಲಿಂದ ಬಲಗೈ ಎತ್ತಿ "ಬಾ" ಎಂದು ಬೀಸಿದ.

ಅವಳು ಸ್ಟೇರಿಂಗಿನ ಕೆಳಗೆ ಹಿಡಿದು ಬಂದಳು. ಅವನು ಅಂಗೈ ತೋರಿಸಿದ, ನಿಂತಳು. ಬೆರಳು ಬಲಕ್ಕೆ ಓರೆ ಮಾಡಿದ, ಕೈಯನ್ನು ಬಲಕ್ಕೆ ಒಯ್ದಳು. ಆ ಹೊತ್ತಿಗೆ ನೊಣಗಳು ಅವನನ್ನು ಕಂಡುಕೊಂಡಿದ್ದವು. ಒಂದು ಹುಬ್ಬಿನ ಮೇಲೆ, ಒಂದು ತುಟಿಯ ಮೂಲೆಯಲ್ಲಿ, ಇನ್ನೊಂದು ಮೂಗಿನ ಹೊಳ್ಳೆಯ ಅಂಚಿನಲ್ಲೇ ಸುತ್ತುತ್ತಿತ್ತು. ಅವನು ಕಣ್ಣು ಕಿರಿದು ಮಾಡಿದ, ಮೂಗು ಸೊಟ್ಟ ಮಾಡಿದ, ಬುಸ್ಸೆಂದು ಊದಿದ. ಬಲಗೈ ಮಾತ್ರ "ಬಾ" ಎನ್ನಬೇಕಾದಾಗಲ್ಲದೆ ಅಲುಗಲಿಲ್ಲ.

ಗಾಡಿ ಗೂಟದ ಪಕ್ಕದಿಂದ, ಒಂದು ಗೇಣು ಬಿಟ್ಟು, ದಾರಿಗೆ ಬಂತು.

ಕೆಲ್ವಿನ್ ಎಡಬಾಗಿಲು ಹುಡುಕಿಕೊಂಡು ಹತ್ತಿದ. ಆ ಸೀಟಿನಲ್ಲಿ ಅವನು ಎಂದೂ ಕೂತವನಲ್ಲ. ಕಾಲು ಎಲ್ಲಿಡಬೇಕೆಂದು ತಿಳಿಯದೆ ಎರಡು ಸಲ ಬದಲಿಸಿದ. ಜೇಬಿಗೆ ಕೈ ಹಾಕಿದ. ಅಲ್ಲಿ ಕೀಲಿ ಇರಲಿಲ್ಲ. ಕೈ ಹೊರತೆಗೆದು ಮುಖವನ್ನು ಚೆನ್ನಾಗಿ ಉಜ್ಜಿಕೊಂಡ.

"ಎಲ್ಲಿಗೆ?" ಎಂದ.

"ಮೊದ್ಲು ಗೇಟಿನಾಚೆ," ಎಂದಳು ಗ್ಲೆನಿಸ್. "ಎಡಕ್ಕೆ ಏನಾದ್ರೂ ಬಂದ್ರೆ ನಾನೇ ನೋಡ್ಕೋತೀನಿ, ನೀನು ಸುಮ್ನೆ ಕೂತ್ಕೋ."

ಅವನು ಸುಮ್ಮನೆ ಕೂರಲಿಲ್ಲ. ಗೇಟು ತಲುಪುವ ಮೊದಲೇ ಬ್ರೂಮ್ ದಾರಿಯ ಮೊದಲ ಪೆಟ್ರೋಲ್ ಬಂಕಿನ ಹೆಸರು ಹೇಳತೊಡಗಿದ್ದ.