ಹುಕ್ಕೇರಿಯಿಂದ ಬಂದ ತಾಳ

ಭಜನೆ ಅರ್ಧಕ್ಕೇ ನಿಂತಿತು. ಗೋಕಾಕದ ಆಫೀಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಭಜನೆಯ ವಿಡಿಯೋ ಕಾಲ್‌ನಲ್ಲಿದ್ದ ಅನ್ನಪೂರ್ಣಾಗೆ ತುಕ್ಕಾನಟ್ಟಿಯ ಬಸವಣ್ಣನ ಗುಡಿಯಲ್ಲಿ ಯಾರೋ ಕಿಸಕ್ಕನೆ ನಕ್ಕದ್ದೂ ಕೇಳಿಸಿತು.

“ಮಾಲಿಂಗಪ್ಪಾ, ಮೊದಲ ಹಿಂದ ಬೀಳತಿದ್ದಿ, ಇವತ್ತ ಮುಂದ ಓಡಾಕತ್ತಿಯಲ್ಲೋ!” ಎಂದ ಮೇಳದ ಹಿರಿಯ ರಾಜಪ್ಪ. “ಮುಂದಿನ ಸೋಮಾರದಿಂದ ತಬಲಾಕ್ಕ ಮೂಡಲಗಿ ದುರ್ಗಪ್ಪನ್ನ ಕರಸ್ತೇವಿ. ಸಿಟ್ಟಾಗಬ್ಯಾಡ.”

ಮಾಲಿಂಗಪ್ಪ ಅವಳ ಅಪ್ಪ. ಆ ಗುಡಿಯ ಸೋಮವಾರದ ಭಜನೆಗೆ ಮೂವತ್ತು ವರ್ಷ ತಬಲಾ ಬಾರಿಸಿದವನು. ಸೊಂಟದ ಎಲುಬು ಮುರಿದು ಎರಡು ತಿಂಗಳಿಂದ ಹುಕ್ಕೇರಿಯಲ್ಲಿ ಹಿರಿಮಗಳ ಮನೆಯಲ್ಲಿದ್ದ. ಮಂಚದ ಮೇಲೆ ಕೂಡಲು ಬಂದದ್ದೇ ತಡ, ತಬಲಾ ತರಿಸಿಕೊಂಡ. ಗುಡಿಯಲ್ಲಿ ಫೋನಿಗೆ ಸ್ಪೀಕರ್ ಜೋಡಿಸಿ, ಹಾಡು ಅಲ್ಲಿ, ತಬಲಾ ಹುಕ್ಕೇರಿಯಲ್ಲಿ. ಹಟ ಅಂದರೆ ಹಟ! ಆದರೆ ಪೆಟ್ಟು ಪ್ರತಿ ಸಲವೂ ತಡವಾಗಿ ಬೀಳುತ್ತಿತ್ತು. ಮೂರು ಸೋಮವಾರ ಸಹಿಸಿದ ರಾಜಪ್ಪ, ಇನ್ನೊಂದೇ ವಾರ ಎಂದು ಗಡುವು ಕೊಟ್ಟಿದ್ದ.

ತಡ ಯಾಕೆಂದು ಅನ್ನಪೂರ್ಣಾಗೆ ಗೊತ್ತಿತ್ತು. ಸುತ್ತಲಿನ ಊರುಗಳಿಗೆ ಇಂಟರ್ನೆಟ್ ಕೊಡುವ ಕಂಪನಿಯಲ್ಲಿ ಅವಳದು ಅದೇ ಕೆಲಸ. ತುಕ್ಕಾನಟ್ಟಿಯಿಂದ ಹುಕ್ಕೇರಿಗೆ ಹೊರಟ ದನಿ ಮುಂಬಯಿಗೆ ಹೋಗಿ ತಿರುಗಿ ಬರುತ್ತಿತ್ತು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ. ದಾರಿಯ ಒಂದೊಂದು ರೌಟರ್ ಪೆಟ್ಟಿಗೆಯೂ ತನಗೆ ತಿಳಿದಷ್ಟು ದಾರಿ ತೋರಿಸಿ ಕೈತೊಳೆದುಕೊಳ್ಳುತ್ತಿತ್ತು. ಈಚೆಗೆ ಕಂಪನಿ ಹೊಸ ಸಾಫ್ಟ್‌ವೇರ್ ತಂದಿತ್ತು. ಅದು ಒಂದೇ ಕಡೆ ಕೂತು ಎಲ್ಲ ದಾರಿಗಳನ್ನೂ ಅಳೆದು, ಹೀಗೆ ಕಳಿಸಿ ಎಂದು ಪೆಟ್ಟಿಗೆಗಳಿಗೆಲ್ಲ ಹುಕುಂ ಮಾಡುತ್ತದೆ. ವಾರವಿಡೀ ಕೂತು ಅವಳು ಎರಡೂ ಊರುಗಳ ದಾರಿಯನ್ನು ಗೋಕಾಕದಲ್ಲೇ ಕೂಡಿಸಿದಳು. ಇಂದು ಸಂಜೆ ಐದಕ್ಕೆ ಚಾಲೂ ಮಾಡಿದಾಗ ತಡ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ಅಪ್ಪನಿಗೆ ಹೇಳಲಿಲ್ಲ. ಬಾರಿಸುವಾಗ ತಾನೇ ತಿಳಿದು ಬೆರಗಾಗಲಿ ಎಂಬ ಹುಡುಗಾಟಿಕೆ.

ಹಾಗಿದ್ದರೆ ಈ ಅವಸರ ಎಲ್ಲಿಂದ ಬಂತು?

“ಅವರಿಗ್ಯಾಕ ಅಂತೀರಿ?” ಗುಡಿಯ ಹೆಂಗಸರ ಸಾಲಿನಿಂದ ಅವ್ವ ಯಮನವ್ವನ ದನಿ ಎದ್ದಿತು. “ವಾರ ಆತು, ದಿನಾ ಮುಂಜಾನಿ ಫೋನ್ ಹಚ್ಚಿ ಇಲ್ಲಿ ನಾ ಚಪ್ಪಾಳಿ ಹಾಕೂದು, ಅಲ್ಲಿ ಅವರು ಬಾರಸೂದು. ಒಂಚೂರ ಮುಂದ ಬಾರಿಸಿದ್ರ ಇಲ್ಲಿ ಬರೂದ್ರಾಗ ಸರಿ ಆಗತೈತಿ ಅಂತ ಅವರ ಹುಡಿಕ್ಯಾರ. ಇವತ್ತ ಮುಂಜಾನಿ ತನಕಾ ಕೂಡಿ ಬೀಳತಿತ್ತರಿ, ಖರೆ.”

ಅನ್ನಪೂರ್ಣಾಗೆ ಈಗ ತಿಳಿಯಿತು. ದೂರದ ದಾರಿಯೆಂದು ಅಪ್ಪ ಬೇಗ ಹೊರಡಲು ಕಲಿತಿದ್ದ. ತಾನು ಸದ್ದಿಲ್ಲದೆ ದಾರಿಯನ್ನೇ ಮೊಟಕು ಮಾಡಿ, ಊರವರ ಮುಂದೆ ಅವನನ್ನು ನಗೆಗೀಡು ಮಾಡಿದ್ದಳು.

“ಅಪ್ಪಾ, ತಪ್ಪ ನಂದು” ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. “ಇವತ್ತ ದಾರಿ ಸಣ್ಣದು ಮಾಡೇನಿ, ನಿನಗ ಹೇಳಲಿಲ್ಲ. ಈಗಿಂದೀಗ ಹಳೀ ದಾರಿಗೇ ಹಚ್ಚತೇನಿ. ಒಂದ ನಿಮಿಷದ ಕೆಲಸ.”

ಪರದೆಯಲ್ಲಿ ಅಪ್ಪ ತಬಲಾದ ಚರ್ಮವನ್ನು ಅಂಗೈಯಿಂದ ಸವರಿದ.

“ಬ್ಯಾಡ” ಎಂದ. “ಮಂದಿಗೆ ಸರಿ ಕೇಳಲಿ ಅಂತ ವಾರ ಪೂರ್ತಿ ನನ್ನ ಕಿವಿಗೆ ತಪ್ಪ ಬಾರಿಸೇನಿ. ಸಾಕಾಗೈತಿ. ರಾಜಪ್ಪಾ, ಒಂದ ಪದ ಹಾಡೂ ತನಕಾ ತಡಿ. ತಂಗಿ, ದಾರಿ ಸಣ್ಣದು ಮಾಡಿದಾಕಿ ನೀನ ಹಾಡು.”

“ನಾನಾ? ಆಫೀಸಿನ್ಯಾಗ?”

“ಆಫೀಸಿನವರು ಬೇಕಾದ್ರ ಕಿವಿ ಮುಚಗೊಳ್ಳಲಿ.”

ಸುತ್ತ ಕೂತವರು ತಿರುಗಿ ನೋಡಿದರು. ನಾಚಿಕೆಯಿಂದ ಮುಖ ಕೆಂಪಾದರೂ ಅವಳು ಹಾಡಿದಳು. ಮೊದಲ ಸಾಲಿಗೆ ತಬಲಾ ಮುಂದೆ ಹೋಯಿತು. ಎರಡನೆಯ ಸಾಲಿಗೆ ಅಪ್ಪ ಎತ್ತಿದ ಕೈಯನ್ನು ಹಾಗೇ ಹಿಡಿದು, ಬಾರಿಸದೆ ಕೇಳಿದ. ಮೂರನೆಯದಕ್ಕೆ ಕಣ್ಣು ಮುಚ್ಚಿದ. ಪೆಟ್ಟು ಅವಳ ದನಿಯ ಜೊತೆಗೇ ಬಂದು ಬಿತ್ತು.

ಗುಡಿಯಿಂದ ಒಂದೊಂದಾಗಿ ದನಿಗಳು ಬಂದು ಕೂಡಿದವು, ಎಲ್ಲಕ್ಕಿಂತ ಮೊದಲು ರಾಜಪ್ಪನದು. ಅನ್ನಪೂರ್ಣಾ ಹಾಡನ್ನು ಅವರಿಗೇ ಬಿಟ್ಟುಕೊಟ್ಟಳು. ಪದ ಮುಗಿಯಿತು, ಇನ್ನೊಂದು ಶುರುವಾಯಿತು. ಅಪ್ಪ ಕಣ್ಣು ಮುಚ್ಚಿಕೊಂಡೇ ಬಾರಿಸುತ್ತಿದ್ದ.